ನೋಕಿಯಾ ಶೆಲ್ಲು ಐತಾ?

ಹೊಳಲ್ಕೆರೆಯಲ್ಲಿ ಸಂತೆಯ ದಿನ, ಬಸ್ ನಿಲ್ದಾಣದ ಸಮೀಪದ ಒಂದು ಮೊಬೈಲ್ ಅಂಗಡಿಯ ಮುಂದೆ ನಿಂತು ನಾನು ಕರೆನ್ಸಿ ಹಾಕಿಸಿಕೊಳ್ಳುತ್ತಿದ್ದಾಗ, ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಕೈಚೀಲ, ಬಲಗೈಯಲ್ಲಿ ಅಂಗೈಯಗಲದ ಒಂದು ರೇಡಿಯೋ, ಹೀಗೆ ಮೂರನ್ನೂ ಸಂಭಾಳಿಸುತ್ತ ಬಂದ ವೃದ್ಧರೊಬ್ಬರು, “ಏನಪ್ಪಾ, ನೋಕಿಯಾ ಶೆಲ್ಲು ಐತಾ?” ಎಂದು ಕೇಳಿದರು. “ಐತೆ, ತಗಳ್ಳಿ ಅಜ್ಜಾ” ಎಂದ ಅಂಗಡಿಯ ಹುಡುಗ, ಗಾಜಿನ ಪೆಟ್ಟಿಗೆಯ ಕೆಳಗಿನ ಖಾನೆಯಿಂದ ಬೆಂಕಿಪೆಟ್ಟಿಗೆಯಷ್ಟು ಅಗಲವಿದ್ದು ಅದರ ಅರ್ಧದಷ್ಟು ದಪ್ಪವಿದ್ದ ಬ್ಯಾಟರಿಯೊಂದನ್ನು ತೆಗೆದ. ಕುತೂಹಲದಿಂದ ನಾನು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದೆ. ನೋಕಿಯಾ ಎಂಬ ಹೆಸರು ಅದರ ಮೇಲೆ ಎಲ್ಲಿಯೂ ಇರಲಿಲ್ಲ. ಯಾವುದೋ ಊರಿನ ಯಾವುದೋ ಕಾರ್ಖಾನೆಯ ಮಾಲು. ‘ಬಿಎಲ್-5ಸಿ’ ಎಂಬ ಗುರುತೊಂದು ಮಾತ್ರ ಮೂಲೆಯಲ್ಲಿದ್ದಿತು. ಹುಡುಗ ರೇಡಿಯೋದ ಬೆನ್ನಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಜಾರಿಸಿ, ಹಳೆಯದನ್ನು ಉಗುರಿನಲ್ಲಿ ಎಬ್ಬಿಸಿ, ಹೊಸದನ್ನು ಕೂರಿಸಿದ. ಚಿತ್ರದುರ್ಗ ಆಕಾಶವಾಣಿಯ ದನಿ ಒಮ್ಮೆ ಕೆಮ್ಮಿ, ಬಳಿಕ ಸರಾಗವಾಯಿತು. ಅಜ್ಜ ದುಡ್ಡು ಕೊಟ್ಟು ಹೊರಟರು.

ವನಸ್ಪತಿ ತುಪ್ಪವೆಲ್ಲ ದಾಲ್ಡಾ ಆದಂತೆ, ನಕಲು ಪ್ರತಿಯೆಲ್ಲ ಜೆರಾಕ್ಸ್ ಆದಂತೆ, ಒಂದು ಗಾತ್ರದ ಬ್ಯಾಟರಿಯೆಲ್ಲ ನಮ್ಮ ಸೀಮೆಯಲ್ಲಿ ನೋಕಿಯಾ ಶೆಲ್ಲಾಗಿದೆ. ಹೆಸರನ್ನು ಕೊಟ್ಟ ಸಂಸ್ಥೆ ಕೈಸೆಟ್ಟುಗಳ ತಯಾರಿಕೆಯನ್ನು ಕೈಬಿಟ್ಟು ಹತ್ತು ವರ್ಷಗಳು ಮೀರಿದುವು. ಸೆಟ್ಟು ಹೋಯಿತು, ಸೆಟ್ಟಿನ ಹೊಟ್ಟೆಯೊಳಗಿದ್ದ ವಸ್ತು ಉಳಿಯಿತು. ಒಂದು ಕಾಲಕ್ಕೆ ಜಗತ್ತಿನ ಮೊಬೈಲ್ ವ್ಯಾಪಾರದ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚನ್ನು, ಭಾರತದ ವ್ಯಾಪಾರದ ಅರ್ಧಕ್ಕಿಂತಲೂ ಹೆಚ್ಚನ್ನು ಹಿಡಿದಿದ್ದ ಆ ಸಂಸ್ಥೆಯ ಉನ್ನತಿಯನ್ನೂ ಅವನತಿಯನ್ನೂ ಕುರಿತು ಪಂಡಿತರು ಬರೆದಿರುವುದು ಬಹಳ. ಆದರೆ ಅವರ ದೃಷ್ಟಿ ಹೆಲ್ಸಿಂಕಿಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲಿಗೇ ನಿಲ್ಲುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯಿಂದ ನೋಡಿದರೆ ಆ ಕಥೆಯ ಸ್ವರೂಪ ತುಸು ಬೇರೆಯಾಗಿ ಕಾಣುತ್ತದೆ ಎಂಬುದಷ್ಟನ್ನೇ ನಾನು ಇಲ್ಲಿ ನಿವೇದಿಸಬೇಕೆಂದಿರುವುದು.

ಮೊದಲು ಅದರ ಕುಲಗೋತ್ರ. ಫಿನ್ಲೆಂಡ್ ದೇಶದ ಟಾಂಪೆರೆ ಎಂಬ ಊರಿನಲ್ಲಿ 1865ರಲ್ಲಿ ಫ್ರೆಡ್ರಿಕ್ ಇಡೆಸ್ಟಾಮ್ ಎಂಬ ಗಣಿ ಎಂಜಿನಿಯರು ಮರದಿಂದ ಕಾಗದದ ತಿರುಳನ್ನು ತಯಾರಿಸುವ ಗಿರಣಿಯೊಂದನ್ನು ಸ್ಥಾಪಿಸಿದ. ಕೆಲವು ವರ್ಷಗಳ ತರುವಾಯ ಎರಡನೆಯ ಗಿರಣಿಯನ್ನು ನೋಕಿಯಾ ಎಂಬ ಊರಿನ ಹೊಳೆಯ ದಡದಲ್ಲಿ ಕಟ್ಟಲಾಗಿ, ಊರಿನ ಹೆಸರೇ ಸಂಸ್ಥೆಯ ಹೆಸರಾಯಿತು. 1967ರಲ್ಲಿ ಒಂದು ರಬ್ಬರ್ ಕಾರ್ಖಾನೆಯೂ ಒಂದು ಕೇಬಲ್ ಕಾರ್ಖಾನೆಯೂ ಅದರೊಡನೆ ವಿಲೀನವಾದುವು. ಮಳೆಗಾಲದ ರಬ್ಬರ್ ಬೂಟುಗಳನ್ನು ಮಾರುತ್ತಿದ್ದ ಮನೆತನವೇ 1987ರಲ್ಲಿ ಕೈಯಲ್ಲಿ ಹಿಡಿದು ಮಾತಾಡುವ, ಇಟ್ಟಿಗೆಯಷ್ಟು ದಪ್ಪನೆಯ ‘ಸಿಟಿಮ್ಯಾನ್’ ಫೋನನ್ನು ಮಾರಿತು. ಸೋವಿಯತ್ ನಾಯಕ ಗೋರ್ಬಚೆವ್ ಅದನ್ನು ಹಿಡಿದು ಮಾತಾಡಿದ ಚಿತ್ರ ಪತ್ರಿಕೆಗಳಲ್ಲಿ ಬಂದು ಅದಕ್ಕೆ ‘ಗೋರ್ಬಾ’ ಎಂಬ ಅಡ್ಡಹೆಸರೇ ಬಿದ್ದಿತು. 1991ರ ಜುಲೈ 1ರಂದು ಫಿನ್ಲೆಂಡಿನ ಮಾಜಿ ಪ್ರಧಾನಿ ಹ್ಯಾರಿ ಹೋಲ್ಕೇರಿ ಜಗತ್ತಿನ ಮೊದಲ ಜಿ.ಎಸ್.ಎಂ. ಕರೆಯನ್ನು ಮಾಡಿದುದು ನೋಕಿಯಾ ನಿರ್ಮಿಸಿದ ಜಾಲದ ಮೇಲೆ. ಮರುವರ್ಷ ಅಧಿಪತ್ಯಕ್ಕೆ ಬಂದ ಯೋರ್ಮಾ ಒಲ್ಲಿಲಾ ಕಾಗದ, ರಬ್ಬರು, ಕೇಬಲ್ಲು, ಟಿ.ವಿ. ಎಲ್ಲವನ್ನೂ ಒಂದೊಂದಾಗಿ ಕಳಚಿ ದೂರಸಂಪರ್ಕವೊಂದನ್ನೇ ಉಳಿಸಿಕೊಂಡರು. 1998ರಲ್ಲಿ ಮೊಟೊರೊಲಾವನ್ನು ಹಿಂದೆ ಹಾಕಿ ನೋಕಿಯಾ ಅಗ್ರಸ್ಥಾನಕ್ಕೇರಿತು. ಆ ಸ್ಥಾನವನ್ನು 14 ವರ್ಷ ಕಾಪಾಡಿಕೊಂಡಿತು.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆಯನ್ನು 1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರಿಗೆ ಮಾಡಿದಾಗ ಅವರ ಕೈಯಲ್ಲಿದ್ದುದೂ ನೋಕಿಯಾ ಸೆಟ್ಟೇ. ಆದರೆ ಅಂದಿನ ದರವೇನು? ಹೊರಹೋಗುವ ಕರೆಗೆ ನಿಮಿಷಕ್ಕೆ 16 ರೂಪಾಯಿ 80 ಪೈಸೆಯವರೆಗೆ. ಒಳಬರುವ ಕರೆಗೂ ಹಣ. ನಮ್ಮ ಕಡೆಯ ಕೂಲಿಯಾಳಿನ ದಿನದ ದುಡಿಮೆಯನ್ನು ಎರಡು ನಿಮಿಷದಲ್ಲಿ ನುಂಗಬಲ್ಲ ಆ ಯಂತ್ರ ದುರ್ಗದ ಸೀಮೆಗೆ ಬರುವ ಮಾತೆಲ್ಲಿಯದು! ನಮ್ಮಲ್ಲಿ ಆಗ ಆಳುತ್ತಿದ್ದುದು ಹಳದಿ ಹಲಗೆಯ ಎಸ್.ಟಿ.ಡಿ. ಬೂತು, ಅದರೊಳಗೆ, ಎತ್ತಿದರೆ ಕೈ ಜಗ್ಗುವಷ್ಟು ಭಾರವಾದ, ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ದೂರವಾಣಿ.

ಇಲ್ಲಿ ಆ ಐ.ಟಿ.ಐ.ಯನ್ನು ಸ್ಮರಿಸದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ಕನ್ನಡನಾಡಿನಲ್ಲಿ ದೂರವಾಣಿ ತಯಾರಕನೊಬ್ಬನ ಏಳುಬೀಳುಗಳ ಮೊದಲ ಪಾಠ ಅಲ್ಲಿಯದು. 1948ರಲ್ಲಿ, ಸ್ವತಂತ್ರ ಭಾರತದ ಆದ್ಯ ಸರ್ಕಾರಿ ಉದ್ಯಮಗಳಲ್ಲಿ ಒಂದಾಗಿ ಹುಟ್ಟಿದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಕೃಷ್ಣರಾಜಪುರದ ಬಳಿ ಒಂದು ಊರನ್ನೇ ಕಟ್ಟಿತು. ಊರಿಗೆ ದೂರವಾಣಿನಗರವೆಂಬ ಅಚ್ಚಗನ್ನಡಿಗರ ನಾಲಗೆಗೆ ಒಗ್ಗುವ ಹೆಸರೂ ಬಂದಿತು. ಅದರ ಸೆಟ್ಟಿನಲ್ಲಿ ದೋಷ ಹುಡುಕುವವನು ಸುತ್ತಿಗೆಯನ್ನೇ ತರಬೇಕಾಗಿತ್ತು, ಅಷ್ಟು ಗಟ್ಟಿ. ಆದರೆ ಅದನ್ನು ಕೊಳ್ಳುತ್ತಿದ್ದವನು ಪ್ರಜೆಯಲ್ಲ, ಇಲಾಖೆ. ಪ್ರಜೆ ಅರ್ಜಿ ಹಾಕಿ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದ; ಇಲಾಖೆ ಬೇಡಿಕೆಯ ಪಟ್ಟಿಯನ್ನು ಕಳುಹಿಸುತ್ತಿದ್ದಿತು; ಕಾರ್ಖಾನೆ ಮಾಡಿ ಕೊಡುತ್ತಿದ್ದಿತು. 1986ರಲ್ಲಿ ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ, ಹವಾನಿಯಂತ್ರಣದ ಹಂಗಿಲ್ಲದೆ ಧೂಳು ಸೆಕೆಗಳಲ್ಲಿ ನಡೆಯತಕ್ಕದ್ದು, ಮೊತ್ತಮೊದಲು ನಮ್ಮ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿದಾಗ ದೂರವಾಣಿ ಹಳ್ಳಿಗೆ ಹತ್ತಿರವಾದುದು ನಿಜ. ಆದರೆ 1991ರ ಉದಾರೀಕರಣದ ಅನಂತರ ಇಲಾಖೆಯು ಟೆಂಡರು ಕರೆದು ಅಗ್ಗದವನಿಂದ ಕೊಳ್ಳತೊಡಗಿದ ಮೇಲೆ, ಕೊಳ್ಳುವವನ ಮುಖವನ್ನೇ ಕಂಡರಿಯದ ಆ ಕಾರ್ಖಾನೆ ದಿಕ್ಕೆಟ್ಟಿತು. ಐ.ಟಿ.ಐ. ಇನ್ನೂ ಇದೆ, ಬೇರೆ ಬೇರೆ ಕೆಲಸಗಳನ್ನು ಮಾಡುತ್ತಿದೆ; ಆದರೆ ಮನೆಮನೆಯ ಮೇಜಿನ ಮೇಲೆ ಅದರ ಹೆಸರಿದ್ದ ಕಾಲ ಮುಗಿಯಿತು.

ನೋಕಿಯಾ ಮೇಲೇರಿದುದು ಇದರ ವಿರುದ್ಧ ಮಾರ್ಗದಲ್ಲಿ: ಅದು ಕೊಳ್ಳುವವನ ಮುಖವನ್ನು ನೋಡಿತು. 2003ರ ಮೇ 1ರಿಂದ ನಮ್ಮ ದೇಶದಲ್ಲಿ ಒಳಬರುವ ಕರೆ ಉಚಿತವಾಯಿತು. ಅದೇ ವರ್ಷ ನೋಕಿಯಾ 1100 ಎಂಬ ಸೆಟ್ಟು ಹೊರಬಂದಿತು. ಈ ಎರಡು ಘಟನೆಗಳೂ ಒಂದೇ ವರ್ಷದಲ್ಲಿ ಕೂಡಿಬಂದುದು ನಮ್ಮ ತಾಲೂಕುಗಳ ಚರಿತ್ರೆಯಲ್ಲಿ ಬಂದುಹೋದ ಎಷ್ಟೋ ಚುನಾವಣೆಗಳಿಗಿಂತ ದೊಡ್ಡ ಸಂಗತಿಯೆಂದು ನಾನು ತಿಳಿದಿದ್ದೇನೆ.

ಓದುಗರಲ್ಲಿ ಕೃಷಿಕರಾದವರಿಗೆ ಹೇಳಬೇಕಾದುದಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಹೊಸದುರ್ಗ ಹೊಳಲ್ಕೆರೆಗಳ ತೆಂಗು ಅಡಿಕೆಗಳ ತೋಟ ನಿಂತಿರುವುದು ಕೊಳವೆಬಾವಿಯ ಮೇಲೆ. ಕೊಳವೆಬಾವಿ ನಿಂತಿರುವುದು ತ್ರೀಫೇಸ್ ಕರೆಂಟಿನ ಮೇಲೆ. ಕರೆಂಟು ಪಾಳಿಯ ಮೇಲೆ ಬರುತ್ತದೆ, ಆ ಪಾಳಿ ವಾರಗಟ್ಟಲೆ ರಾತ್ರಿಯ ಹೊತ್ತಿನದೇ ಆಗಿರುವುದುಂಟು. ರಾತ್ರಿ ಹನ್ನೊಂದಕ್ಕೋ ಎರಡಕ್ಕೋ ‘ಕರೆಂಟ್ ಬಂತು’ ಎಂಬ ಕೂಗು ಕೇಳಿದೊಡನೆ ಒಕ್ಕಲಿಗನು ಎದ್ದು, ಬದುವಿನ ಮೇಲೆ ನಡೆದು, ಮೋಟರಿನ ಡಬ್ಬಿಯ ಬಾಗಿಲನ್ನು ತೆರೆದು ಸ್ಟಾರ್ಟರನ್ನು ಒತ್ತಬೇಕು. ಮತ್ತೆ ಮಡೆ ತಿರುಗಿಸಲು ತೋಟದ ತುದಿಗೆ ಹೋಗಬೇಕು. ಹಾವಿನ ಭಯ ಎಲ್ಲ ಕಡೆಯದು. ನಮ್ಮ ಗುಡ್ಡಗಾಡಿನಲ್ಲಿ ಅದರ ಮೇಲೆ ಕರಡಿಯ ಭಯವೂ ಇದೆ. ಒಂದು ಕೈಯಲ್ಲಿ ಮಚ್ಚೋ ದೊಣ್ಣೆಯೋ, ಇನ್ನೊಂದರಲ್ಲಿ ಬ್ಯಾಟರಿ. ಮಡೆ ಕಡಿಯಲು ಮೂರನೆಯ ಕೈಯನ್ನು ದೇವರು ಕೊಡಲಿಲ್ಲ.

ಈ ಮನುಷ್ಯನಿಗಾಗಿಯೇ ಮಾಡಿದಂತೆ 1100ರ ನೆತ್ತಿಯಲ್ಲಿ ಒಂದು ಪುಟ್ಟ ದೀಪವಿತ್ತು. ‘ಸಿ’ ಎಂಬ ಗುಂಡಿಯನ್ನು ಒತ್ತಿ ಹಿಡಿದರೆ ಅದು ಬೆಳಗುತ್ತಿತ್ತು. ಸೆಟ್ಟನ್ನು ಬಾಯಲ್ಲಿ ಕಚ್ಚಿಕೊಂಡು ಎರಡು ಕೈಗಳಿಂದಲೂ ಗುದ್ದಲಿ ಹಿಡಿದು ಮಡೆ ಕಟ್ಟುತ್ತಿದ್ದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕತ್ತಲಲ್ಲಿ ಮುಖವಿಲ್ಲ, ದೇಹವಿಲ್ಲ, ನೆಲದ ಮೇಲೆ ಒಂದು ತಟ್ಟೆಯಗಲದ ಬೆಳಕು ಮಾತ್ರ ಆಚೀಚೆ ಓಡಾಡುತ್ತಿರುತ್ತಿತ್ತು. ಗುಂಡಿಗಳ ಮೇಲೆ ಸಂದಿಯಿಲ್ಲದ ಒಂದೇ ರಬ್ಬರಿನ ಹಾಳೆ, ಅದರಿಂದ ಧೂಳು ಒಳಗಿಳಿಯದು. ಪಕ್ಕಗಳಲ್ಲಿ ಬೆವರಿದ ಕೈಗೂ ಜಾರದ ಗೀರುಗಳು. 850 ಮಿಲಿಯಾಂಪಿಯರ್ ಗಂಟೆಯ ಬಿಎಲ್-5ಸಿ ಬ್ಯಾಟರಿ, ಮಾತಾಡದೆ ಇಟ್ಟರೆ 400 ಗಂಟೆಯವರೆಗೆ ಎಚ್ಚರವಾಗಿರುತ್ತಿತ್ತು, ಅಂದರೆ ಟಿ.ಸಿ. (ಟ್ರಾನ್ಸ್‌ಫಾರ್ಮರು) ಸುಟ್ಟುಹೋಗಿ ಊರಿಗೆ ಊರೇ ಎರಡು ವಾರ ಕತ್ತಲಲ್ಲಿದ್ದರೂ ಸೆಟ್ಟು ಸಾಯುತ್ತಿರಲಿಲ್ಲ. ಹಾಸುಬಂಡೆಯ ಮೇಲೆ ಬಿದ್ದು ಮೂರು ಹೋಳಾದರೆ, ಬೆನ್ನು, ಬ್ಯಾಟರಿ, ಸೆಟ್ಟು ಮೂರನ್ನೂ ಆಯ್ದು ಊದಿ ಜೋಡಿಸಿದರೆ ಮತ್ತೆ ಜೀವ. ಪ್ಯಾನಲ್ ಸವೆದರೆ ಚಿತ್ರದುರ್ಗದ ಯಾವ ಮೊಬೈಲ್ ಅಂಗಡಿಯಲ್ಲಾದರೂ ಅಲ್ಪ ಬೆಲೆಗೆ ಹೊಸದು. ಇಂಥ ಸೆಟ್ಟು ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನೋಕಿಯಾದ ನೂರು ಕೋಟಿಯನೆಯ ಫೋನು 2005ರಲ್ಲಿ ನೈಜೀರಿಯಾದಲ್ಲಿ ಬಿಕರಿಯಾಯಿತು, ಅದೂ 1100. ನೈಜೀರಿಯಾದಲ್ಲಿಯೂ ಕರೆಂಟು ನಮ್ಮಲ್ಲಿಯಂತೆಯೇ ಬಂದು ಹೋಗುತ್ತದೆಯೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

ಅದರ ಗಂಟೆಯ ದನಿಯನ್ನೂ ಮರೆಯುವಂತಿಲ್ಲ. ಸ್ಪೇನಿನ ಗಿಟಾರ್ ವಾದಕ ಫ್ರಾನ್ಸಿಸ್ಕೊ ಟಾರೆಗಾ 1902ರಲ್ಲಿ ರಚಿಸಿದ ಸ್ವರಪ್ರಬಂಧವೊಂದರ ಒಂದು ತುಣುಕು ಅದು. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕ ನಡೆಯುತ್ತಿದ್ದ ಒಂದು ಚಳಿಯ ರಾತ್ರಿ, ರಂಗದ ಮೇಲೆ ಮೌನವೇ ಮಾತಾಗಬೇಕಾದ ಗಳಿಗೆಯಲ್ಲಿ ಆ ತುಣುಕು ಎಲ್ಲಿಂದಲೋ ಮೊಳಗಿದಾಗ, ಒಬ್ಬನ ಕೈ ಜೇಬಿಗೆ ಹೋಗಬೇಕಾದ ಕಡೆ ನೂರು ಕೈಗಳು ಹೋದುದನ್ನು ನಾನು ಬಲ್ಲೆ. ಎಲ್ಲರದೂ ಅದೇ ಸೆಟ್ಟು, ಅದೇ ದನಿ. ನಟನು ಪಾಪ, ಗಂಟೆ ನಿಲ್ಲುವವರೆಗೂ ಕಣ್ಣು ಮುಚ್ಚಿ ನಿಂತಿದ್ದ.

ಇಂಥ ಪ್ರಭುತ್ವ ಹೇಗೆ ಅಳಿಯಿತು? ಪುಸ್ತಕದ ಉತ್ತರ ಎಲ್ಲರಿಗೂ ಗೊತ್ತು: 2007ರಲ್ಲಿ ಆಪಲ್ ಸಂಸ್ಥೆಯ ಐಫೋನ್ ಬಂದಿತು, ನೋಕಿಯಾ ಅದರ ಮಹತ್ತ್ವವನ್ನು ಗ್ರಹಿಸಲಿಲ್ಲ, ಕೆಟ್ಟಿತು. ಈ ಉತ್ತರ ಸುಳ್ಳಲ್ಲ. ಆದರೆ ಹಿರಿಯೂರಿನ ಪೇಟೆಯಲ್ಲಿ 2007ರಲ್ಲಿ ಐಫೋನನ್ನು ಕಂಡವರಾರು? 2009ರಲ್ಲಿ ಕಂಡವರಾರು? ನಮ್ಮಲ್ಲಿ ನೋಕಿಯಾದ ಗೋಡೆ ಬಿರುಕು ಬಿಟ್ಟುದು ಬೇರೊಂದು ಕಡೆಯಿಂದ. (ದುರ್ಗದವನು ಬಿರುಕಿನ ಮಾತೆತ್ತಿದರೆ ಓಬವ್ವನ ಕಿಂಡಿ ಬರಲೇಬೇಕೆಂಬ ನಿಯಮವಿದೆ; ಆ ಪ್ರಲೋಭನವನ್ನು ಪ್ರಯಾಸದಿಂದ ತಡೆದುಕೊಂಡಿದ್ದೇನೆ.) ಆ ಬಿರುಕಿನ ಹೆಸರು ಡಬಲ್ ಸಿಮ್ಮು.

ನಮ್ಮ ಜಿಲ್ಲೆ ಬೆಟ್ಟಬಂಡೆಗಳ ಜಿಲ್ಲೆ. ಮೊಬೈಲಿನ ಅಲೆಗಳು ಹೆಚ್ಚುಕಡಮೆ ದೃಷ್ಟಿಯಂತೆಯೇ ನೇರವಾಗಿ ಹರಿಯುವುವಾದುದರಿಂದ, ನಡುವೆ ಕಲ್ಲುಗುಡ್ಡ ನಿಂತರೆ ಆಚೆಯವನಿಗೆ ಟವರು ಸಿಗದು. ಹಳ್ಳಿಯಲ್ಲಿ ಒಂದು ಕಂಪನಿಯ ಟವರು ಸಿಕ್ಕರೆ ತೋಟದಲ್ಲಿ ಇನ್ನೊಂದರದು, ಸಂತೆಯೂರಿನಲ್ಲಿ ಮತ್ತೊಂದರದು. ಇದರ ಮೇಲೆ ದರದ ಸಮರ: 2009ರಲ್ಲಿ ಸೆಕೆಂಡಿಗೊಂದು ಪೈಸೆಯ ಲೆಕ್ಕ ಬಂದಿತು, ಒಂದು ಕಂಪನಿಯವರು ತಮ್ಮತಮ್ಮೊಳಗೆ ಮಾತಾಡಿದರೆ ಅಗ್ಗ, ಹೊರಗಿನವರೊಡನೆ ತುಟ್ಟಿ. ಆದುದರಿಂದ ಬೀಗರ ಮನೆಗೆ ಒಂದು ಸಿಮ್ಮು, ಅಡಿಕೆ ವ್ಯಾಪಾರಿಗೆ ಒಂದು ಸಿಮ್ಮು ಎಂದು ಇಟ್ಟುಕೊಂಡು, ದಿನಕ್ಕೆ ನಾಲ್ಕು ಸಲ ಸೆಟ್ಟಿನ ಬೆನ್ನು ಬಿಚ್ಚಿ ಬ್ಯಾಟರಿ ತೆಗೆದು ಸಿಮ್ಮು ಬದಲಾಯಿಸುವುದು ನಮ್ಮವರಿಗೆ ಎಲೆಯಡಿಕೆ ಹಾಕಿಕೊಳ್ಳುವಷ್ಟೇ ಸಹಜವಾಗಿದ್ದಿತು. ಬಿಡಿಯಾದ ಸಿಮ್ಮು ಅಂಗಿಯ ಜೇಬಿನಲ್ಲಿ ಬೀಡಿಯ ಕಟ್ಟಿನೊಡನೆ ಇರುತ್ತಿತ್ತು. ಅಂಗಿಯೊಡನೆ ಒಗೆತಕ್ಕೂ ಹೋಗುತ್ತಿತ್ತು.

ಎರಡು ಸಿಮ್ಮುಗಳನ್ನೂ ಒಟ್ಟಿಗೆ ಎಚ್ಚರವಾಗಿಡುವ ಸೆಟ್ಟುಗಳನ್ನು ತಂದವರು ಚೀನಾದವರು ಮತ್ತು ಅವರಿಂದ ಮಾಲು ತರಿಸಿ ತಮ್ಮ ಹೆಸರು ಒತ್ತಿದ ಭಾರತೀಯರು. ಗುರ್‌ಗಾಂವಿನ ಮೈಕ್ರೋಮ್ಯಾಕ್ಸ್ 2008ರಲ್ಲಿ ಮೂವತ್ತು ದಿನ ಬ್ಯಾಟರಿ ನಿಲ್ಲುವ ಸೆಟ್ಟಿನಿಂದ ಪ್ರಾರಂಭಿಸಿತು. ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ: ಇಲ್ಲಿಯ ಯು.ಟಿ.ಎಲ್. ಸಮೂಹವೂ ದೆಹಲಿಯ ಜೈನಾ ಸಮೂಹವೂ ಕೂಡಿ 2009ರಲ್ಲಿ ಕಾರ್ಬನ್ ಎಂಬ ಹೆಸರನ್ನು ಹೊರತಂದುವು. ಡಬ್ಬದಂಥ ಧ್ವನಿವರ್ಧಕ, ಎರಡು ಸಿಮ್ಮು, ಮೆಮೊರಿ ಕಾರ್ಡು, ಕ್ಯಾಮೆರಾ; ಬೆಲೆ ನೋಕಿಯಾದ ಅರ್ಧ. ಇವುಗಳ ಗುಣದ ವಿಷಯದಲ್ಲಿ ನಾನು ಭ್ರಮೆಯುಳ್ಳವನಲ್ಲ. ಹೆಸರು ಬೇಡ, ನಾನೇ ಅಂಥದೊಂದನ್ನು ಕೊಂಡು ಆರನೆಯ ತಿಂಗಳಿಗೆ ಅದರ ‘5’ರ ಗುಂಡಿ ಸತ್ತು, ಆ ಅಂಕಿಯುಳ್ಳ ಬಂಧುಗಳೆಲ್ಲರೊಡನೆ ನಾನಾಗಿ ಮಾತಾಡುವ ಸೌಭಾಗ್ಯವನ್ನು ಕಳೆದುಕೊಂಡೆ. ಚೈನಾ ಸೆಟ್ಟುಗಳಲ್ಲಿ ಎಷ್ಟಕ್ಕೋ ಗುರುತಿನ ಸಂಖ್ಯೆಯೇ ಇರಲಿಲ್ಲ. 15 ಅಂಕಿಗಳ ಆ ಐ.ಎಂ.ಇ.ಐ. ಸಂಖ್ಯೆ ಇಲ್ಲದುವನ್ನು 2009ರ ಡಿಸೆಂಬರ್ 1ರಿಂದ ಬಂದ್ ಮಾಡುತ್ತೇವೆಂದು ಸರ್ಕಾರ ಸಾರಿದಾಗ, ಸಂಖ್ಯೆಯನ್ನು ತುಂಬಿಸಿಕೊಳ್ಳಲು ಜನ ಅಂಗಡಿಗಳ ಮುಂದೆ ನಿಂತರು. ಆದರೂ ನೋಕಿಯಾಕ್ಕೆ ಮರಳಲಿಲ್ಲ. ಎರಡು ಸಿಮ್ಮಿನ ಅನುಕೂಲವನ್ನು ಒಮ್ಮೆ ಕಂಡವನಿಗೆ ಒಂದು ಸಿಮ್ಮಿನ ಗಟ್ಟಿತನ ಸಾಲದಾಯಿತು.

ಕೊಳ್ಳುವವನ ಮುಖ ನೋಡಿ ಮೇಲೇರಿದ ಸಂಸ್ಥೆಗೆ ಇದೇಕೆ ಕಾಣಲಿಲ್ಲ? ನನಗೆ ತೋರುವ ಕಾರಣ ಇದು. ಯೂರೋಪು ಅಮೆರಿಕಗಳಲ್ಲಿ ಸೆಟ್ಟನ್ನು ಬಹುಮಟ್ಟಿಗೆ ಮಾರುತ್ತಿದ್ದವರು ಸಿಮ್ಮಿನ ಕಂಪನಿಗಳೇ; ತಮ್ಮ ಸಿಮ್ಮಿನ ಪಕ್ಕದಲ್ಲಿ ಎದುರಾಳಿಯ ಸಿಮ್ಮಿಗೆ ಮಣೆ ಹಾಕುವ ಸೆಟ್ಟನ್ನು ಅವರು ಒಲ್ಲರು. ನಮ್ಮಲ್ಲಿ ಸೆಟ್ಟು ಬೇರೆ, ಸಿಮ್ಮು ಬೇರೆ. ಎರಡಕ್ಕೂ ಅಂಗಡಿ ಒಂದೇ ಆದರೂ ಯಜಮಾನರು ಬೇರೆ. ಲೋಕವೆಲ್ಲಕ್ಕೂ ಒಂದೇ ಅಚ್ಚಿನಲ್ಲಿ ಸೆಟ್ಟು ಎರೆಯುತ್ತಿದ್ದ ನೋಕಿಯಾ, ಹೊಸದುರ್ಗದವನ ಜೇಬಿನಲ್ಲಿ ಬೀಡಿಯೊಡನೆ ಇದ್ದ ಎರಡನೆಯ ಸಿಮ್ಮನ್ನು ಕಾಣುವ ಹೊತ್ತಿಗೆ ತಡವಾಗಿದ್ದಿತು. 2010ರಲ್ಲಿ ಅದು ಘೋಷಿಸಿದ ಮೊದಲ ಎರಡು ಸಿಮ್ಮಿನ ಸೆಟ್ಟಿನಲ್ಲಿ ಒಂದು ಎದ್ದರೆ ಇನ್ನೊಂದು ಮಲಗುತ್ತಿತ್ತು. ಎರಡೂ ಎಚ್ಚರವಿರುವ ಸೆಟ್ಟು ನಮ್ಮ ಪೇಟೆಗೆ ಬಂದುದು 2011ರಲ್ಲಿ. ಅಷ್ಟರಲ್ಲಿ ಅಂಗಡಿಯ ಗೋಡೆಗಳ ಬಣ್ಣ ಬದಲಾಗಿಹೋಗಿತ್ತು.

ಕೆಳಗಿನ ಅಂತಸ್ತಿನಲ್ಲಿ ಹೀಗಾದರೆ ಮೇಲಿನ ಅಂತಸ್ತಿನ ಪಾಡು ಬೇರೆ. ನೋಕಿಯಾದ ಬೆಲೆಬಾಳುವ ಸೆಟ್ಟುಗಳೊಳಗೆ ಕೆಲಸ ಮಾಡುತ್ತಿದ್ದ ಸಿಂಬಿಯನ್ ಎಂಬ ತಂತ್ರಾಂಶವು, ಗುಂಡಿಗಳೂ ಅಲ್ಪ ಸ್ಮೃತಿಯೂ ಉಳ್ಳ ಸಾಧನಗಳಿಗಾಗಿ ಹುಟ್ಟಿದುದು. ಬೆರಳು ಸವರಿದರೆ ಅರಳುವ ಪರದೆಗೆ ಅದನ್ನು ಒಗ್ಗಿಸುವುದು, ಕಂಬಗಳ ಮೇಲೆ ನಿಂತ ಹಳೆಯ ತೊಟ್ಟಿಮನೆಗೆ ಮೂರು ಮಹಡಿ ಏರಿಸುವಂಥ ಕೆಲಸ. ಹೊರಗಿನವರು ಅದಕ್ಕಾಗಿ ಆ್ಯಪುಗಳನ್ನು ಬರೆಯುವುದು ಕಷ್ಟ; ಬರೆದರೂ ಒಂದು ಮಾದರಿಯಲ್ಲಿ ನಡೆದುದು ಇನ್ನೊಂದರಲ್ಲಿ ನಡೆಯದು. ಇದು ಒಳಗಿನವರಿಗೆ ತಿಳಿಯದೆ ಇರಲಿಲ್ಲ. ಟಿಮೊ ವುಯೊರಿ ಮತ್ತು ಕ್ವಿ ಹುಯ್ ಎಂಬ ಇಬ್ಬರು ವಿದ್ವಾಂಸರು ಸಂಸ್ಥೆಯೊಡನೆ ಸಂಬಂಧವಿದ್ದ 76 ಮಂದಿಯನ್ನು ಸಂದರ್ಶಿಸಿ ಕಂಡುಕೊಂಡ ಸಂಗತಿ ಮನನೀಯವಾಗಿದೆ: ನಡುವಣ ಅಧಿಕಾರಿಗಳು ಮೇಲಿನವರ ಕೋಪಕ್ಕೆ ಅಂಜಿ, ಕೆಲಸ ಹಿಂದೆ ಬಿದ್ದಿದೆಯೆಂಬ ಸತ್ಯವನ್ನು ಹೇಳಲಿಲ್ಲ; ಮೇಲಿನವರು ಷೇರುದಾರರಿಗೂ ಪ್ರತಿಸ್ಪರ್ಧಿಗಳಿಗೂ ಅಂಜಿ ಅವಸರಪಡಿಸಿದರು. ತಾಲೂಕು ಕಚೇರಿಯ ಸಭೆಯಲ್ಲಿ ‘ಎಲ್ಲ ಪ್ರಗತಿಯಲ್ಲಿದೆ ಸ್ವಾಮಿ’ ಎಂಬ ವರದಿಯನ್ನು ಕೇಳಿದವರಿಗೆ ಈ ರೋಗದ ಪರಿಚಯ ಚೆನ್ನಾಗಿ ಇರಬೇಕು.

2010ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟಿನಿಂದ ಬಂದು ಅಧಿಪತಿಯಾದ ಸ್ಟೀಫನ್ ಎಲೊಪ್, ಮರುವರ್ಷದ ಫೆಬ್ರುವರಿಯಲ್ಲಿ ನೌಕರರಿಗೊಂದು ಪತ್ರ ಬರೆದು, ಸಮುದ್ರದ ನಡುವೆ ಬೆಂಕಿ ಬಿದ್ದ ತೈಲಬಾವಿಯ ಅಟ್ಟದ ಮೇಲೆ ನಿಂತವನ ಸ್ಥಿತಿಗೆ ಸಂಸ್ಥೆಯನ್ನು ಹೋಲಿಸಿದರು; ಕೆಲವೇ ದಿನಗಳಲ್ಲಿ ಸಿಂಬಿಯನ್ನನ್ನು ಬಿಟ್ಟು ವಿಂಡೋಸ್ ಫೋನಿಗೆ ಹೋಗುವುದಾಗಿ ಸಾರಿದರು. ಹೊಸ ಸೆಟ್ಟು ಮಾರಾಟಕ್ಕೆ ಬಂದುದು ನವೆಂಬರಿನಲ್ಲಿ. ಅಂದರೆ ಒಂಬತ್ತು ತಿಂಗಳ ಕಾಲ, ಅಂಗಡಿಯಲ್ಲಿರುವ ಸರಕು ಕೆಟ್ಟದ್ದೆಂದು ಸಾಹುಕಾರನೇ ಡಂಗುರ ಹೊಡೆಸಿ, ಒಳ್ಳೆಯದು ಇನ್ನೂ ಬಂದಿಲ್ಲವೆಂದು ಬಾಗಿಲಲ್ಲಿ ನಿಂತಿದ್ದ. ಗಿರಾಕಿ ಪಕ್ಕದ ಅಂಗಡಿಗೆ ಹೋದುದರಲ್ಲಿ ಅವನ ತಪ್ಪೇನು? 2012ರಲ್ಲಿ ಸ್ಯಾಮ್‌ಸಂಗ್ ಮೊದಲ ಸ್ಥಾನಕ್ಕೆ ಬಂದಿತು. 2013ರ ಸೆಪ್ಟೆಂಬರಿನಲ್ಲಿ ಫೋನಿನ ವಿಭಾಗವನ್ನೂ ಅದಕ್ಕೆ ಹೊಂದಿದ ಹಕ್ಕುಗಳನ್ನೂ 544 ಕೋಟಿ ಯೂರೋಗಳಿಗೆ ಮೈಕ್ರೋಸಾಫ್ಟಿಗೆ ಮಾರುವ ಒಪ್ಪಂದವಾಯಿತು. ಎರಡು ವರ್ಷ ತುಂಬುವ ಮೊದಲೇ ಮೈಕ್ರೋಸಾಫ್ಟ್ ಅದಕ್ಕೆ ಸಂಬಂಧಿಸಿದ 760 ಕೋಟಿ ಡಾಲರುಗಳನ್ನು ನಷ್ಟದ ಬಾಬಿಗೆ ಬರೆದುಕೊಂಡಿತು.

ನಮ್ಮ ಚಿತ್ರದುರ್ಗ ಹಿರಿಯೂರುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ನ್ನೇ ಹಿಡಿದು ಬೆಂಗಳೂರು, ಕೃಷ್ಣಗಿರಿ, ವೆಲ್ಲೂರುಗಳನ್ನು ದಾಟಿ ಹೋದರೆ, ಚೆನ್ನೈ ಸೇರುವ ಮುನ್ನ ಶ್ರೀಪೆರುಂಬುದೂರು ಬರುತ್ತದೆ; ರಾಮಾನುಜಾಚಾರ್ಯರ ಜನ್ಮಸ್ಥಳ. ಅಲ್ಲಿ 2006ರಲ್ಲಿ ನೋಕಿಯಾ ಕಾರ್ಖಾನೆ ಪ್ರಾರಂಭವಾಯಿತು. ಸಾವಿರಾರು ಜನ, ಬಹುಪಾಲು ಹಳ್ಳಿಗಳಿಂದ ಬಂದ ಯುವತಿಯರು, ಕಂಪನಿಯ ಬಸ್ಸಿನಲ್ಲಿ ಪಾಳಿಗೆ ಬಂದು ಸೆಟ್ಟು ಜೋಡಿಸುತ್ತಿದ್ದರು. ನಮ್ಮ ಸಂತೆಗಳಲ್ಲಿ ಮಾರಾಟವಾದ ಎಷ್ಟೋ ಸೆಟ್ಟುಗಳು ಈ ಹೆದ್ದಾರಿಯಲ್ಲಿಯೇ ಲಾರಿ ಹತ್ತಿ ಬಂದಿರಬೇಕು. 2013ರಲ್ಲಿ ತಂತ್ರಾಂಶಕ್ಕಾಗಿ ಫಿನ್ಲೆಂಡಿನ ಮೂಲಸಂಸ್ಥೆಗೆ ಸಂದಾಯ ಮಾಡಿದ ಹಣದ ಮೇಲೆ ತೆರಿಗೆ ಹಿಡಿದಿಲ್ಲವೆಂದು ಆದಾಯ ತೆರಿಗೆ ಇಲಾಖೆ ಸುಮಾರು 2,000 ಕೋಟಿ ರೂಪಾಯಿಯ ನೋಟೀಸು ಕೊಟ್ಟಿತು. ವ್ಯಾಜ್ಯ ಬೆಳೆಯಿತು, ಸರ್ವೋಚ್ಚ ನ್ಯಾಯಾಲಯ 3,500 ಕೋಟಿಯ ಖಾತರಿಯನ್ನು ಕೇಳಿತು, ಮೈಕ್ರೋಸಾಫ್ಟ್ ಆ ಕಾರ್ಖಾನೆಯನ್ನು ತೆಗೆದುಕೊಳ್ಳಲಿಲ್ಲ. ಸುಮಾರು 5,000 ಮಂದಿ ಸ್ವಯಂನಿವೃತ್ತಿಯ ಹಣ ಪಡೆದು ಹೊರಬಂದರು. ಇಪ್ಪತ್ತೈದರ ವಯಸ್ಸಿನಲ್ಲಿ ನಿವೃತ್ತಿ! 2014ರ ನವೆಂಬರ್ 1ರಂದು ಕಾರ್ಖಾನೆ ನಿಂತಿತು. ಅವರಲ್ಲಿ ಯಾರಿಗೂ ಸಿಂಬಿಯನ್ ಬರೆದ ಪಾಪವಿರಲಿಲ್ಲ.

ನೋಕಿಯಾವನ್ನು ನಮ್ಮ ಸಂತೆಯಿಂದ ಹೊರಡಿಸಿದವರು ಬಹಳ ಕಾಲ ಸುಖವಾಗಿದ್ದರೆಂದು ತಿಳಿಯಬಾರದು. ತರಿಸಿದ ಮಾಲಿಗೆ ಹೆಸರು ಒತ್ತುವುದು ವ್ಯಾಪಾರವೇ ಹೊರತು ತಯಾರಿಕೆಯಲ್ಲ. ಚೀನಾದ ಕಂಪನಿಗಳೇ ಶಾಓಮಿ, ಒಪ್ಪೊ, ವಿವೊ ಎಂಬ ಹೆಸರುಗಳಲ್ಲಿ ನೇರವಾಗಿ ಬಂದಾಗ, 2016ರ ಆಸುಪಾಸಿನಲ್ಲಿ ಮೈಕ್ರೋಮ್ಯಾಕ್ಸೂ ಕಾರ್ಬನ್ನೂ ನೋಕಿಯಾ ಹೋದ ದಾರಿಯಲ್ಲಿಯೇ, ಅದಕ್ಕಿಂತ ವೇಗವಾಗಿ ಹೋದುವು. ಅವುಗಳ ಹೆಸರಿನ ಶೆಲ್ಲನ್ನು ಕೇಳುವ ಅಜ್ಜ ಹೊಳಲ್ಕೆರೆಯಲ್ಲಿಲ್ಲ. ಇತ್ತ 2009ರಲ್ಲಿಯೇ ನೋಕಿಯಾ ‘ಲೈಫ್ ಟೂಲ್ಸ್’ ಎಂಬ ಹೆಸರಿನಲ್ಲಿ ಹವಾಮಾನವನ್ನೂ ಮಾರುಕಟ್ಟೆಯ ಧಾರಣೆಯನ್ನೂ ರೈತನ ಸೆಟ್ಟಿಗೆ ಸಂದೇಶವಾಗಿ ಕಳುಹಿಸುವ ವ್ಯವಸ್ಥೆಯನ್ನು ಮಾಡಿತ್ತೆಂಬುದನ್ನು ಈಗ ಯಾರೂ ನೆನೆಯುವುದಿಲ್ಲ. ಇಂದು ಭೀಮಸಮುದ್ರದ ಅಡಿಕೆಯ ಧಾರಣೆ ಬೆಳಗಾಗುವುದರೊಳಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದು ಬೀಳುತ್ತದೆ. ಅದರೊಡನೆ ಮದುವೆಯ ಕರೆಯೋಲೆ, ರಾಜಕೀಯದ ಬೈಗುಳ, ದೇವರ ಫೋಟೋ ಎಲ್ಲವೂ. ರೈತನಿಗೆ ಬೇಕಾದುದೇನೆಂಬುದು ನೋಕಿಯಾಕ್ಕೆ ತಿಳಿದಿತ್ತು. ಅದನ್ನು ಉಣಬಡಿಸಲು ಅದು ಹಿಡಿದಿದ್ದ ಪಾತ್ರೆ ಎರಡಂಗುಲದ ಪರದೆ.

ನನ್ನ ತೀರ್ಮಾನ ಇಷ್ಟು: ನೋಕಿಯಾ ಗಟ್ಟಿಯಾದ ವಸ್ತುವನ್ನು ಮಾಡುವುದರಲ್ಲಿ ಕೊನೆಯವರೆಗೂ ಸೋಲಲಿಲ್ಲ, ಕೊಳ್ಳುವವನ ಮುಖವನ್ನು ನೋಡುವುದರಲ್ಲಿ ಸೋತಿತು. 2016ರ ಕೊನೆಯಿಂದ ಎಚ್.ಎಂ.ಡಿ. ಎಂಬ ಇನ್ನೊಂದು ಫಿನ್ನಿಷ್ ಸಂಸ್ಥೆ ಆ ಹೆಸರಿನಲ್ಲಿ ಮಾರಿದ ಗುಂಡಿ ಸೆಟ್ಟುಗಳು ನಮ್ಮ ತೋಟಗಳಲ್ಲಿ ಇನ್ನೂ ಉಪಯೋಗದಲ್ಲಿವೆ. ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡ ರೈತನು ಈಗ ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿಯೇ ಮಗ್ಗುಲು ಬದಲಾಯಿಸಿ, ಅಂಥದೊಂದು ಸೆಟ್ಟಿನಿಂದ ಮೋಟರಿಗೆ ಕರೆ ಮಾಡುತ್ತಾನೆ, ಮೋಟರು ಓಗೊಡುತ್ತದೆ. ಮಗನ ಟಚ್ ಫೋನು ಆ ಹೊತ್ತಿಗೆ ಚಾರ್ಜಿಲ್ಲದೆ ಮಲಗಿರುತ್ತದೆ.

ಕಡೆಯದಾಗಿ ಓದುಗರಲ್ಲಿ ಒಂದು ಬಿನ್ನಹ. 2007ರ ಆಗಸ್ಟಿನಲ್ಲಿ, ಜಪಾನಿನ ಮತ್ಸುಶಿತಾ ಸಂಸ್ಥೆ ತಯಾರಿಸಿಕೊಟ್ಟ 4 ಕೋಟಿ 60 ಲಕ್ಷ ಬಿಎಲ್-5ಸಿ ಬ್ಯಾಟರಿಗಳು ಚಾರ್ಜಿನ ಹೊತ್ತಿನಲ್ಲಿ ಅತಿಯಾಗಿ ಕಾಯಬಹುದೆಂದು ನೋಕಿಯಾವೇ ಪ್ರಕಟಿಸಿ ಬದಲಿ ಕೊಡುವುದಾಗಿ ಹೇಳಿದಾಗ, ಬೆನ್ನು ಬಿಚ್ಚಿ ಬ್ಯಾಟರಿಯ ಮೇಲಿನ 26 ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದವರು ನಮ್ಮಲ್ಲಿ ಅನೇಕರಿದ್ದರು. ಅಂದು ಅಷ್ಟು ಎಚ್ಚರ ವಹಿಸಿದ ನಾವು, ಆಮೇಲೆ ಆ ಸೆಟ್ಟುಗಳನ್ನು ಟ್ರಂಕಿನಲ್ಲೋ ಅಟ್ಟದ ಮೇಲೋ ಹಾಕಿ ಮರೆತೆವು. ಮೊನ್ನೆ ನಾನು ನನ್ನದನ್ನು ಹೊರತೆಗೆದಾಗ ಅದರ ಬೆನ್ನು ತಾನಾಗಿಯೇ ತೆರೆದುಕೊಂಡಿದ್ದಿತು. ಒಳಗಿನ ಬ್ಯಾಟರಿ ಹೂರಣದ ಕಡುಬಿನಂತೆ ಊದಿಕೊಂಡಿತ್ತು. ಊದಿದ ಶೆಲ್ಲನ್ನು ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಒಲೆಗೆ ಎಸೆಯಬೇಡಿ. ಮುಖ್ಯವಾಗಿ ತಿಪ್ಪೆಗೆ ಹಾಕಬೇಡಿ. ಯುಗಾದಿ ಕಳೆದ ಮೇಲೆ ಆ ತಿಪ್ಪೆ ಹೊಲಕ್ಕೆ ಹೋಗುತ್ತದೆ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಅಂಗಡಿಯವರಿಗೆ ಕೊಟ್ಟುಬಿಡಿ.